ಮುನ್ನೂರು ಮೀಟರಿನಾಚೆ

ದಮ್ಮಾಮಿನಿಂದ ಖತೀಫಿಗೆ ಹೋಗುವ ರಸ್ತೆಯಲ್ಲಿ ಟೈರ್ ಅಂಗಡಿಗಳ ಸಾಲು ಮುಗಿದ ಮೇಲೆ ಬೇಟೆಯ ಸಾಮಾನು ಮಾರುವ ಒಂದು ಅಂಗಡಿ ಸಿಗುತ್ತದೆ. ಹೊರಗೆ ಡೇರೆಗಳು, ಮಡಚುವ ಕುರ್ಚಿಗಳು, ಮರುಭೂಮಿಗೆ ಒಯ್ಯುವ ನೀರಿನ ಡಬ್ಬಿಗಳು. ಒಳಗೆ ದಪ್ಪ ಗಾಜಿನ ಹಿಂದೆ ಬಂದೂಕುಗಳು. ಅದಕ್ಕೂ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ. ಮುಂಡ್ಕೂರಿನ ಉಗ್ಗಪ್ಪ ತನ್ನ ಪ್ರಾಯವನ್ನೆಲ್ಲ ಕಳೆದದ್ದು ಆ ಕೋಣೆಯಲ್ಲಿ.

ಬಂದದ್ದು ಡೇರೆ ಹೊಲಿಯಲು. ಬೆಳ್ಮಣ್ಣಿನ ಬಸ್ ನಿಲ್ದಾಣದ ಎದುರು ಪ್ಯಾಂಟು ಹೊಲಿಯುತ್ತಿದ್ದವನಿಗೆ ಕ್ಯಾನ್ವಾಸ್ ಹೊಲಿಯುವುದೇನೂ ಕಷ್ಟವಾಗಲಿಲ್ಲ. ಆದರೆ ಅಂಗಡಿಯ ಹಳೆಯ ಯಜಮಾನರು ಅವನ ಕೈಯನ್ನು ಗಮನಿಸಿದರು. ಸೂಜಿಗೆ ದಾರ ಪೋಣಿಸುವಾಗ ಒಂದಿಷ್ಟೂ ಅಲುಗದ ಕೈ. ಒಂದು ದಿನ ಬಂದೂಕಿನ ಮೇಲೆ ಗುರಿಯ ದುರ್ಬೀನು ಕೂರಿಸುವ ಸಣ್ಣ ಸ್ಕ್ರೂಗಳನ್ನು ಅವನ ಮುಂದಿಟ್ಟು, "ಇದನ್ನೂ ಕಲಿ" ಅಂದರು. ಉಗ್ಗಪ್ಪ ಕಲಿತ. ಆ ದುರ್ಬೀನಿಗೆ ಎಲ್ಲರೂ ಸ್ಕೋಪ್ ಅನ್ನುತ್ತಿದ್ದರು. ಅದರೊಳಗೆ ಒಂದು ಅಡ್ಡಗೆರೆ, ಒಂದು ನೆಟ್ಟನೆಯ ಗೆರೆ. ಆ ನೆಟ್ಟಗೆರೆ ಬಂದೂಕಿನ ಮೇಲೆ ಕೂದಲೆಳೆಯಷ್ಟೂ ವಾಲದೆ ನಿಲ್ಲಬೇಕು. ಅದನ್ನು ನಿಲ್ಲಿಸುವುದೇ ಅವನ ಕೆಲಸವಾಯಿತು.

ಅರಬಿಯಲ್ಲಿ 'ಪ' ಇಲ್ಲ. ಗಿರಾಕಿಗಳ ಬಾಯಲ್ಲಿ ಉಗ್ಗಪ್ಪ ಮೊದಲು ಉಗ್ಗಬ್ಬನಾದ, ಆಮೇಲೆ ಉಗಾಬ್ ಆದ. ಉಗಾಬ್ ಅಂದರೆ ಹದ್ದು. ಹೆಸರು ಕೇಳಿ ಹೊಸಬರು ನಗುತ್ತಿದ್ದರು. ಹಳಬರು, "ನಗಬೇಡ, ಅವನ ಕಣ್ಣೂ ಹಾಗೇ ಇದೆ" ಅನ್ನುತ್ತಿದ್ದರು. ಬೇಟೆಯನ್ನೇ ಆಡದ, ಒಂದು ಪ್ರಾಣಿಗೂ ಗುರಿಯಿಡದ ಮನುಷ್ಯನಿಗೆ ಆ ಹೆಸರು ಒಳಗೊಳಗೇ ಬಹಳ ಹಿಡಿಸಿತ್ತು. ಊರಿನಲ್ಲಿ ಹೆಂಡತಿ ವಾರಿಜಾಕ್ಷಿಗೆ ಅದನ್ನು ಅವನು ಎರಡೆರಡು ಸಲ ಹೇಳಿದ್ದ.

ಹಳೆಯ ಯಜಮಾನರು ತೀರಿಕೊಂಡ ಮೇಲೆ ಅಂಗಡಿ ಮಗ ಮುಆಝ್‌ನ ಕೈಗೆ ಬಂತು. ಗಿರಾಕಿಗಳ ಜೊತೆ ವ್ಯವಹಾರ ಮಾಡಲು ಮುಆಝ್ ತನ್ನ ಸಂಬಂಧಿಕ ಹುಡುಗರನ್ನೇ ಕೂರಿಸಿದ. ಉಗ್ಗಪ್ಪ ಒಳಕೋಣೆಯಲ್ಲೇ ಉಳಿದ. ಆದರೂ ದೂರದ ಬೇಟೆಗೆ ಹೋಗುವವರು ಗಾಜಿನಾಚೆ ಬಗ್ಗಿ, "ಉಗಾಬ್ ಇದ್ದಾನಾ?" ಎಂದು ಕೇಳುವುದು ನಿಂತಿರಲಿಲ್ಲ.

ಹಾಗೆ ಕೇಳಿಕೊಂಡು ಬಂದವರಲ್ಲಿ ಒಬ್ಬ ಝುಹೈರ್. ರಾಸ್ ಅಲ್ ಖೈರಿನಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ ಅವನಿಗೆ ಪಾಳಿಯ ಕೆಲಸ. ಜೊತೆಯಲ್ಲಿ ಅವನ ತಂದೆ. ಎಲ್ಲರೂ ಅವರನ್ನು ಅಬೂ ಝುಹೈರ್, ಅಂದರೆ ಝುಹೈರ್‌ನ ಅಪ್ಪ, ಎಂದೇ ಕರೆಯುತ್ತಿದ್ದರು. ಅಬ್ಕೈಕಿನ ಎಣ್ಣೆ ಸ್ಥಾವರದಲ್ಲಿ ತಂತ್ರಜ್ಞರಾಗಿ ದುಡಿದು ನಿವೃತ್ತರಾದವರು. ಹುಟ್ಟಿದ್ದು ಮಾತ್ರ ಪಶ್ಚಿಮದ ಬೆಟ್ಟದ ಸೀಮೆಯಲ್ಲಿ. ಎಳೆಯ ಪ್ರಾಯದಲ್ಲಿ ಚಿಕ್ಕಪ್ಪನ ಜೊತೆ ಬಂಡೆ ಹತ್ತಿ ಕಾಡುಮೇಕೆಯ ಹಿಂದೆ ಅಲೆದವರು. ಕತ್ತಿಯಂತೆ ಹಿಂದಕ್ಕೆ ಬಾಗಿದ ಕೊಂಬಿನ ಆ ಮೇಕೆಯನ್ನು ಈಗ ಆ ಬೆಟ್ಟಗಳಲ್ಲಿ ಮುಟ್ಟುವ ಹಾಗಿಲ್ಲ. ಹಾಗಾಗಿ ಝುಹೈರ್ ಅಪ್ಪನನ್ನು ಕಿರ್ಗಿಸ್ತಾನಕ್ಕೆ ಕರೆದುಕೊಂಡು ಹೋಗುವವನಿದ್ದ. ಅಲ್ಲಿ ಪರವಾನಗಿ ತೆಗೆದುಕೊಂಡು, ಕುದುರೆಯ ಮೇಲೆ ಮೇಲಕ್ಕೆ ಹೋಗಿ, ಒಂದು ಗಂಡು ಮೇಕೆಯನ್ನು ಹೊಡೆಯಬಹುದಿತ್ತು.

"ಇದೊಂದೇ ಸಲ" ಅಂದ ಝುಹೈರ್. "ಮುಂದಿನ ವರ್ಷಕ್ಕೆ ಅಪ್ಪನಿಂದ ಬೆಟ್ಟ ಹತ್ತಲು ಆಗುವುದಿಲ್ಲ."

ಅವನು ಫೋನಿನಲ್ಲಿ ವಿಡಿಯೋಗಳನ್ನು ನೋಡಿ ನೋಡಿ ಮನಸ್ಸಿನಲ್ಲೇ ಒಂದು ಬಂದೂಕನ್ನು ಆರಿಸಿಕೊಂಡಿದ್ದ. ದೊಡ್ಡ ಗುಂಡಿನದು, ಬಹಳ ದೂರ ಹೋಗುವಂಥದು. ಉಗ್ಗಪ್ಪ ಅದನ್ನು ತಂದು ಮೇಜಿನ ಮೇಲಿಟ್ಟು, ಅಬೂ ಝುಹೈರ್ ಕಡೆ ನೋಡಿದ. ಮುದುಕರು ಬಲತೋಳನ್ನು ಎಡಗೈಯಿಂದ ಹಿಡಿದುಕೊಂಡು ಕೂತಿದ್ದರು.

"ಭುಜಕ್ಕೆ ಏನಾಗಿದೆ ಬಾಬಾ?"

"ಆಪರೇಷನ್ ಆಗಿದೆ. ಈಗ ಸರಿಯಿದೆ."

"ಸರಿಯಿಲ್ಲ" ಅಂದ ಮಗ.

"ಹಾಗಾದರೆ ಇದು ಬೇಡ" ಅಂದ ಉಗ್ಗಪ್ಪ. "ಇದು ಕತ್ತೆಯ ಹಾಗೆ ಒದೆಯುತ್ತದೆ. ಎರಡು ಸಲ ಒದೆಸಿಕೊಂಡ ಭುಜ ಮೂರನೆಯ ಸಲ ಗುಂಡು ಹೊರಡುವ ಮೊದಲೇ ಹಿಂದೆ ಸರಿಯುತ್ತದೆ. ಸಣ್ಣ ಗುಂಡಿನದು ತೆಗೆದುಕೊಳ್ಳಿ, ಆರೂವರೆ ಮಿಲಿಮೀಟರಿನದು. ಒದೆತ ಕಡಿಮೆ, ಗಾಳಿಯಲ್ಲಿ ಚೆನ್ನಾಗಿ ಹೋಗುತ್ತದೆ. ಕಾಡುಮೇಕೆಗೆ ಧಾರಾಳ ಸಾಕು."

ಅಬೂ ಝುಹೈರ್ ಗೋಡೆಯ ಮೇಲಿದ್ದ ಆಕ್ರೋಟು ಮರದ ಹಿಡಿಯ ಬಂದೂಕನ್ನು ತೋರಿಸಿದರು. ಉಗ್ಗಪ್ಪ ಅದನ್ನು ಇಳಿಸಿಕೊಟ್ಟ. ಅವರು ಮರವನ್ನು ಅಂಗೈಯಿಂದ ಸವರಿ, ಮೂಸಿ ನೋಡಿ, ಬೆಲೆಯ ಚೀಟಿ ಓದಿ, ವಾಪಸು ಕೊಟ್ಟರು.

ಕೊನೆಗೆ ಆರಿಸಿದ್ದು ಕಾರ್ಖಾನೆಯಿಂದ ನೇರ ಪೆಟ್ಟಿಗೆಯಲ್ಲಿ ಬರುವ ಸಾದಾ ಬಂದೂಕನ್ನು. ಒಂದೊಂದೇ ಗುಂಡನ್ನು ಕೈಯಿಂದ ಬೋಲ್ಟ್ ಎಳೆದು ತುಂಬುವಂಥದು, ಕಪ್ಪು ಪ್ಲಾಸ್ಟಿಕ್ ಹಿಡಿಯದು. ಇಂಥ ಅಗ್ಗದ ಬಂದೂಕುಗಳೂ ಈಗ ದುಬಾರಿಯವುಗಳ ಹಾಗೆಯೇ ನೆಟ್ಟಗೆ ಹೊಡೆಯುತ್ತವೆ, ಉಳಿದ ಹಣವನ್ನು ಒಳ್ಳೆಯ ಸ್ಕೋಪಿಗೂ ಅಭ್ಯಾಸದ ಗುಂಡುಗಳಿಗೂ ಹಾಕಿ ಎಂದ ಉಗ್ಗಪ್ಪ. ಬಂದೂಕಿನ ನಳಿಕೆ ಹಿಡಿಗೆ ಎಲ್ಲೂ ತಾಗುತ್ತಿಲ್ಲವೆಂದು ನಡುವೆ ಒಂದು ಕಾಗದ ತೂರಿಸಿ ತೋರಿಸಿದ. ಗುಂಡು ಹಾರಿಸಲು ಒತ್ತುವ ಕುದುರೆ ಎಷ್ಟು ಹಗುರವಾಗಿ ಬೀಳುತ್ತದೆಂದು ಮುದುಕರ ಬೆರಳಿನಿಂದಲೇ ಒತ್ತಿಸಿದ.

"ಪ್ಲಾಸ್ಟಿಕ್ ಬಕೆಟ್ ಹಿಡಿದ ಹಾಗಿದೆ" ಅಂದರು ಅಬೂ ಝುಹೈರ್.

"ಮಳೆಗೆ, ಹಿಮಕ್ಕೆ ಉಬ್ಬುವುದಿಲ್ಲ ಬಾಬಾ."

"ಬಕೆಟ್ ಕೂಡ ಉಬ್ಬುವುದಿಲ್ಲ" ಎಂದು ಅವರು ನಕ್ಕರು. ಹಲ್ಲು ಕಾಣುವ ಹಾಗೆ ಅವರು ನಕ್ಕದ್ದನ್ನು ಉಗ್ಗಪ್ಪ ನೋಡಿದ್ದು ಅದೊಂದೇ ಸಲ.

ಅವರು ಹೋದ ಮೇಲೆ ಬಂದೂಕನ್ನು ಅಲುಗದಂತೆ ಮೇಜಿನ ಹಿಡಿಕಟ್ಟಿಗೆ ಬಿಗಿದು ಸ್ಕೋಪ್ ಕೂರಿಸಲು ಶುರುಮಾಡಿದ. ಎದುರು ಗೋಡೆಯಲ್ಲಿ, ಗಾರೆಯವರು ನೇರ ನೋಡಲು ಬಳಸುವಂಥ ತೂಗುಗುಂಡಿನ ದಾರ ಇಳಿಬಿದ್ದಿತ್ತು. ಒಳಗಿನ ಗೆರೆಯನ್ನು ಆ ದಾರಕ್ಕೆ ಹೊಂದಿಸಬೇಕು. ಬಲಗಣ್ಣಿಟ್ಟು ನೋಡಿದಾಗ ಗೆರೆ ನಡುವೆ ಸ್ವಲ್ಪ ಬಾಗಿತ್ತು, ಬಿಸಿಲಿಗೆ ಸೊಟ್ಟಗಾದ ಮೇಣದಬತ್ತಿಯ ಹಾಗೆ. ಸ್ಕೋಪೇ ಹಾಳು ಅಂದುಕೊಂಡ. ಹುಡುಗರಿಗೆ ಹೇಳಿ ಇನ್ನೊಂದು ತರಿಸಿದ. ಅದರಲ್ಲೂ ಗೆರೆ ಬಾಗಿತ್ತು. ಮೂರನೆಯದನ್ನು ಕೇಳಲು ಬಾಯಿ ತೆರೆದವನು ಸುಮ್ಮನಾಗಿ, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಬಾಗಿಲಿನ ಕಡೆ ನೋಡಿದ. ಬಾಗಿಲಿನ ಚೌಕಟ್ಟೂ ಬಾಗಿತ್ತು.

ಬಹಳ ಹೊತ್ತು ಅವನು ಆ ಬಾಗಿಲನ್ನೇ ನೋಡುತ್ತ ಕೂತ. ಹೊರಗೆ ಹೋಗಿ ಮುಆಝ್‌ಗೆ ಹೇಳಬಹುದಿತ್ತು. ಮುಆಝ್ ಕೆಟ್ಟವನಲ್ಲ. ಆದರೆ ಕಣ್ಣು ಹೋದ ಉಗಾಬ್ ಈ ಅಂಗಡಿಯಲ್ಲಿ ಏನು ಮಾಡುತ್ತಾನೆ? ಬೇರೆ ಯಾವುದಕ್ಕೂ ಅವನನ್ನು ಯಾರೂ ಕೇಳಿಕೊಂಡು ಬಂದವರಲ್ಲ. ಕೊನೆಗೆ ಎಡಗಣ್ಣಿನಲ್ಲೇ ನೋಡಿ ಗೆರೆ ಹೊಂದಿಸಿದ. ಆ ಕಣ್ಣಿನಲ್ಲಿ ಅವನು ಯಾವತ್ತೂ ಕೆಲಸ ಮಾಡಿದವನಲ್ಲ. ಸರಿಯಾಯಿತು ಅನ್ನಿಸಿತು. ಸ್ಕ್ರೂ ಬಿಗಿದ.

ರಾತ್ರಿ ಊಟಕ್ಕೆ ಕೂತಾಗ ರೂಮಿನ ಜೊತೆಗಾರ ಅದ್ದುವಿಗೆ ಮಾತ್ರ ಹೇಳಿದ. ಅದ್ದು ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸಲ್ಮಾನ, ನೀರಿನ ಟ್ಯಾಂಕರ್ ಓಡಿಸುವವನು.

"ಗೆರೆ ಬಾಗಿ ಕಾಣುದಾ? ಎಂತ ಮಾರಾಯ, ಅದು ಸಣ್ಣ ಸಂಗತಿ ಅಲ್ಲ. ನಾಳೆಯೇ ಹೋಗುವ, ನಾನು ಬಿಡ್ತೇನೆ ಆಸ್ಪತ್ರೆಗೆ."

"ಈ ಸೀಸನ್ ಒಮ್ಮೆ ಮುಗೀಲಿ ಅದ್ದು. ಎಡದ್ದು ಸರಿ ಉಂಟು."

"ಮುಆಝ್‌ಗೆ ಹೇಳಿದಿಯಾ?"

"ಇಲ್ಲ. ನೀನೂ ಹೇಳ್ಬೇಡ."

ಅದ್ದು ರೊಟ್ಟಿ ಹರಿಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದ.

ಆ ಶುಕ್ರವಾರ ಊರಾಚೆಯ ಗುರಿ ಅಭ್ಯಾಸದ ಮೈದಾನಕ್ಕೆ ಹೋದರು. ಅಬೂ ಝುಹೈರ್ ಬೋರಲು ಮಲಗಿ, ಮರಳಿನ ಚೀಲದ ಮೇಲೆ ಬಂದೂಕಿಟ್ಟು ಹೊಡೆದರು. ನೂರು ಮೀಟರಿನಲ್ಲಿ ಗುಂಡುಗಳೆಲ್ಲ ಒಂದೇ ನಾಣ್ಯದಷ್ಟು ಜಾಗದಲ್ಲಿ ಬಿದ್ದವು. ಮುದುಕರು ಬೆರಗಾಗಿ ಪ್ಲಾಸ್ಟಿಕ್ ಹಿಡಿಯನ್ನು ತಟ್ಟಿದರು. ಮುನ್ನೂರು ಮೀಟರಿನಲ್ಲಿ ಗುಂಡುಗಳು ಒಟ್ಟಿಗೇ ಬಿದ್ದಿದ್ದವು, ಆದರೆ ಎರಡು ಬೆರಳಿನಷ್ಟು ಬಲಕ್ಕೆ.

"ಗಾಳಿ" ಅಂದ ಝುಹೈರ್.

ಗಾಳಿಯೂ ಇತ್ತು. ಆದರೆ ಉಗ್ಗಪ್ಪ ಆ ತೂತುಗಳ ಪಕ್ಕ ಬೆರಳಿಟ್ಟು ಇನ್ನೊಮ್ಮೆ ಅಳೆದ. ಸ್ಕೋಪ್ ಒಂದಿಷ್ಟು ವಾಲಿ ಕೂತಿದ್ದರೆ ಹತ್ತಿರದಲ್ಲಿ ಅದು ಗೊತ್ತೇ ಆಗುವುದಿಲ್ಲ. ದೂರಕ್ಕೆ ಹೊಡೆಯುವಾಗ ಗುಂಡು ಇಳಿಯುವಷ್ಟನ್ನು ಲೆಕ್ಕ ಹಾಕಿ ಸ್ಕೋಪಿನ ಮೇಲಿನ ತಿರುಗಣೆಯಿಂದ ಗುರಿ ಎತ್ತರಿಸುತ್ತಾರೆ. ವಾಲಿದ ಸ್ಕೋಪಿನಲ್ಲಿ ಹಾಗೆ ಎತ್ತರಿಸಿದಷ್ಟೂ ಗುಂಡು ಪಕ್ಕಕ್ಕೆ ಸರಿಯುತ್ತದೆ. ಮುನ್ನೂರರಲ್ಲಿ ಎರಡು ಬೆರಳಾದರೆ ಐನೂರರಲ್ಲಿ ಒಂದು ಗೇಣಿಗೆ ಹತ್ತಿರ. ಅದು ವಾಲಿದ್ದೋ ಗಾಳಿಯೋ ನೋಡಬೇಕಾದರೆ ಸ್ಕೋಪನ್ನು ಬಿಚ್ಚಿ ಮತ್ತೆ ಕೂರಿಸಬೇಕು, ಇನ್ನೊಬ್ಬರ ಕಣ್ಣಿನಿಂದ. ಯಾಕೆಂದು ಅವರು ಕೇಳುತ್ತಾರೆ.

"ಒಂದು ಮಾತು" ಅಂದ ಉಗ್ಗಪ್ಪ. "ಮುನ್ನೂರು ಮೀಟರಿಗಿಂತ ದೂರ ಹೊಡೆಯಬೇಡಿ."

"ಯಾಕೆ? ಈ ಗುಂಡು ಆರುನೂರರ ತನಕ ಹೋಗುತ್ತದಂತಲ್ಲ?"

"ಹೋಗುತ್ತದೆ. ಆದರೆ ಬೆಟ್ಟದ ಗಾಳಿ ಬೇರೆ. ಬಾಬಾನ ಕೈಗೆ ಮುನ್ನೂರು ಸಾಕು. ಹತ್ತಿರ ಹೋಗಿ ಹೊಡೆಯಿರಿ."

"ಸರಿಯಾಗಿ ಹೇಳಿದ" ಅಂದರು ಅಬೂ ಝುಹೈರ್. "ನನ್ನ ಚಿಕ್ಕಪ್ಪ ಮೇಕೆಯ ಕಣ್ಣು ಕಾಣುವ ತನಕ ಹೊಡೆಯಲು ಬಿಡುತ್ತಿರಲಿಲ್ಲ."

ಹೊರಡುವಾಗ ಮುದುಕರು ಉಗ್ಗಪ್ಪನ ಎರಡೂ ಕೈ ಹಿಡಿದು, ಕೊಂಬು ತಂದರೆ ಮೊದಲು ನಿನಗೇ ತೋರಿಸುತ್ತೇನೆ ಅಂದರು. ಅವನು ನೆಲ ನೋಡಿಕೊಂಡು ನಕ್ಕ.

ಅವರು ಹೋದ ವಾರವೆಲ್ಲ ಉಗ್ಗಪ್ಪನಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಕಿರ್ಗಿಸ್ತಾನದಲ್ಲಿ ಹಿಮ ಬಿದ್ದಿದೆಯೋ ಎಂದು ಅದ್ದುವಿನ ಫೋನಿನಲ್ಲಿ ನೋಡಿಸಿದ. ಝುಹೈರ್‌ಗೆ ಒಂದು ಸಲ ಕರೆ ಮಾಡಿದ. ಬೆಟ್ಟದ ಮೇಲೆ ಸಿಗ್ನಲ್ ಇರಲಿಲ್ಲ. ಆಮೇಲೆ ಅವರು ಮರಳಿದ ಸುದ್ದಿ ಮುಆಝ್‌ನ ಬಾಯಿಂದ ಬಂತು. ಆದರೆ ಅವರು ಅಂಗಡಿಗೆ ಬರಲಿಲ್ಲ. ಕೊಂಬಿನ ಫೋಟೋ ಕೂಡ ಬರಲಿಲ್ಲ. ಉಗ್ಗಪ್ಪನೂ ಕೇಳಲಿಲ್ಲ.

ಚಳಿಗಾಲ ಮುಗಿಯುತ್ತ ಬಂದಾಗ ಒಂದು ಸಂಜೆ ಝುಹೈರ್ ಒಬ್ಬನೇ ಬಂದ. ಗಡ್ಡ ಬೆಳೆದಿತ್ತು. ಬಂದೂಕಿನ ಚೀಲವನ್ನು ಮೇಜಿನ ಮೇಲಿಟ್ಟು, "ಇದನ್ನು ಮಾರಿಕೊಡಿ" ಅಂದ.

"ಬಾಬಾ?"

"ಹೋದರು. ಹತ್ತು ದಿನ ಆಯಿತು."

ಉಗ್ಗಪ್ಪ ಅವನನ್ನು ಒಳಕೋಣೆಗೆ ಕರೆದು ಕೂರಿಸಿ ಚಹಾ ಕೊಟ್ಟ. ಝುಹೈರ್ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದ.

ಮೊದಲ ದಿನಗಳಲ್ಲಿ ಒಂದು ಮೇಕೆಯೂ ಹತ್ತಿರ ಬರಗೊಡಲಿಲ್ಲವಂತೆ. ಕೊನೆಯ ದಿನ ಕಣಿವೆಯಾಚೆಯ ಬಂಡೆಯ ಮೇಲೆ ಒಂದು ದೊಡ್ಡ ಗಂಡು ನಿಂತಿತ್ತು. ದೂರ ಅಳೆದರೆ ಐನೂರಕ್ಕೆ ಸ್ವಲ್ಪ ಕಡಿಮೆ. ಕಣಿವೆ ಇಳಿದು ಹತ್ತಲು ಅಬೂ ಝುಹೈರ್‌ಗೆ ಉಸಿರು ಸಾಲುತ್ತಿರಲಿಲ್ಲ. ಅವರು ಬಂದೂಕನ್ನು ಕೆಳಗಿಟ್ಟು, ಬೇಡ, ದೂರವಾಯಿತು, ಇಷ್ಟು ನೋಡಿದ್ದೇ ಸಾಕು ಅಂದರಂತೆ.

"ನಾನು ಕೇಳಲಿಲ್ಲ" ಅಂದ ಝುಹೈರ್. "ಅಷ್ಟು ದೂರ ಕರೆತಂದು ಬರಿಗೈಯಲ್ಲಿ ಕರೆದೊಯ್ಯುವುದಾ ಅನ್ನಿಸಿತು. ನಾನೇ ಮಲಗಿ ಹೊಡೆದೆ. ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಭುಜದ ಹಿಂದೆಯೇ ಗುರಿ ಇಟ್ಟಿದ್ದೆ. ಗುಂಡು ಹಿಂದಕ್ಕೆ ತಾಗಿತು, ಹೊಟ್ಟೆಗೆ. ಅದು ಬೀಳಲಿಲ್ಲ. ಬೆನ್ನು ಬಗ್ಗಿಸಿಕೊಂಡು ಬಂಡೆ ಹತ್ತಿ ಹೋಯಿತು."

ಗಾಯಗೊಂಡ ಪ್ರಾಣಿಯನ್ನು ಬಿಟ್ಟು ಬರಲು ಅಬೂ ಝುಹೈರ್ ಒಪ್ಪಲಿಲ್ಲ. ಹತ್ತಲಾಗದ ಕಣಿವೆಯನ್ನು ಅವರು ಇಳಿದರು, ಹತ್ತಿದರು. ಹಿಮದ ಮೇಲಿನ ರಕ್ತ ಸ್ವಲ್ಪ ದೂರ ಸಿಕ್ಕಿತು, ಆಮೇಲೆ ಬರೀ ಕಲ್ಲು. ಕತ್ತಲಾಗುವ ತನಕ ಹುಡುಕಿದರು. ವಾಪಸು ಬರುವ ದಾರಿಯಲ್ಲಿ ಕುದುರೆ ಜಾರಿ ಬಿದ್ದು, ಅದರ ಬೆನ್ನಿಗೆ ಕಟ್ಟಿದ್ದ ಬಂದೂಕು ಬಂಡೆಗೆ ಬಡಿಯಿತು. ಮೇಕೆ ಸಿಗಲೇ ಇಲ್ಲ.

"ಮನೆಗೆ ಬಂದ ಮೇಲೆ ಅಪ್ಪ ಬೆಟ್ಟದ ಮಾತೇ ಎತ್ತಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಎದೆಯಲ್ಲಿ ಕಫ ಕಟ್ಟಿಕೊಂಡಿತ್ತು, ಅದು ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಒಂದು ದಿನ ಮಾತ್ರ ಕೇಳಿದರು, ಅದು ಎಷ್ಟು ಹೊತ್ತು ಬದುಕಿತ್ತೋ ಅಂತ."

ಚಹಾ ಆರಿಹೋಗಿತ್ತು. ಗುಂಡು ಯಾವ ಕಡೆ ಸರಿಯಿತು ಎಂದು ಉಗ್ಗಪ್ಪ ಕೇಳಿದ.

"ಬಲಕ್ಕೆ. ಮೇಕೆಯ ತಲೆ ಎಡಕ್ಕಿತ್ತು."

ಆಗ ಉಗ್ಗಪ್ಪ ಹೇಳಿಬಿಟ್ಟ. ಬಾಗಿದ ಗೆರೆ, ಬಾಗಿದ ಬಾಗಿಲು, ಎಡಗಣ್ಣಿನಲ್ಲಿ ಹೊಂದಿಸಿದ್ದು, ಮೈದಾನದಲ್ಲಿ ಎರಡು ಬೆರಳು ಬಲಕ್ಕೆ ಬಿದ್ದದ್ದು, ಎಲ್ಲವನ್ನೂ. ಅವನ ಅರಬಿ ಅಷ್ಟು ಚೆನ್ನಾಗಿರಲಿಲ್ಲ. ಕೆಲವು ಮಾತುಗಳನ್ನು ಎರಡೆರಡು ಸಲ ಹೇಳಬೇಕಾಯಿತು.

ಝುಹೈರ್ ಅವನನ್ನೇ ನೋಡಿದ. ಸಿಟ್ಟು ಮಾಡುತ್ತಾನೆ, ಎದ್ದು ಹೊಡೆಯುತ್ತಾನೆ ಅಂದುಕೊಂಡಿದ್ದ ಉಗ್ಗಪ್ಪ. ಅವನು ಅದೇನನ್ನೂ ಮಾಡಲಿಲ್ಲ.

"ನೀವು ಇದನ್ನು ನನಗೆ ಹೇಳಬಾರದಿತ್ತು" ಅಂದ, ಬಹಳ ಮೆಲ್ಲಗೆ. "ಈ ತನಕ ತಪ್ಪು ನನ್ನದೊಬ್ಬನದೇ ಆಗಿತ್ತು. ಅಪ್ಪ ಬೇಡ ಅಂದರು, ನಾನು ಕೇಳಲಿಲ್ಲ, ಅಷ್ಟೇ. ಅದನ್ನು ಹೊತ್ತುಕೊಂಡು ಹೇಗೋ ಇರಬಹುದಿತ್ತು. ಇನ್ನು ದಿನಾ ನಿಮ್ಮನ್ನೂ ನೆನಸಬೇಕು."

ಅವನು ಎದ್ದು ಹೋದ. ಬಂದೂಕು ಮೇಜಿನ ಮೇಲೇ ಉಳಿಯಿತು.

ಉಗ್ಗಪ್ಪ ಮುಆಝ್‌ನನ್ನು ಕರೆದು ಅವನಿಗೂ ಎಲ್ಲ ಹೇಳಿದ. ಮುಆಝ್ ಬಂದೂಕನ್ನು ಹಿಡಿಕಟ್ಟಿಗೆ ಬಿಗಿದು, ತೂಗುಗುಂಡಿನ ದಾರಕ್ಕೆ ಗುರಿಯಿಟ್ಟು ನೋಡಿದ. ಬಹಳ ಹೊತ್ತು ನೋಡಿದ.

"ವಾಲಿದೆ" ಅಂದ. "ಸ್ವಲ್ಪ."

"ನಾನೇ..."

"ತಾಳು. ಇಲ್ಲಿ ನೋಡು." ಸ್ಕೋಪಿನ ಪಕ್ಕದಲ್ಲಿ ಕಲ್ಲಿಗೆ ಉಜ್ಜಿದ ಬಿಳಿ ಗೀರಿತ್ತು. ಅದನ್ನು ಹಿಡಿದಿದ್ದ ಉಂಗುರವೂ ಒಂದು ಕಡೆ ಜಜ್ಜಿತ್ತು. "ಕುದುರೆ ಬಿದ್ದಾಗ ತಿರುಗಿರಲೂಬಹುದು. ಇಲ್ಲಿಂದಲೇ ಹಾಗೆ ಹೋಗಿರಲೂಬಹುದು. ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಉಗಾಬ್."

ಮುಆಝ್ ಆಮೇಲೆ ಸಿಟ್ಟಾದ. ಕಣ್ಣಿನ ಕಾಯಿಲೆಗಲ್ಲ, ಮುಚ್ಚಿಟ್ಟದ್ದಕ್ಕೆ. "ನನ್ನ ಅಪ್ಪ ನಿನ್ನನ್ನು ಮನೆಯವನ ಹಾಗೆ ನೋಡಿಕೊಂಡಿದ್ದರು. ಒಂದು ಮಾತು ಹೇಳಲು ನಿನಗೆ ಏನು ಕಷ್ಟ ಇತ್ತು?" ಆ ಚಳಿಗಾಲದಲ್ಲಿ ತಾನು ಸ್ಕೋಪ್ ಕೂರಿಸಿಕೊಟ್ಟ ಗಿರಾಕಿಗಳಿಗೆಲ್ಲ ಫೋನ್ ಮಾಡಿ ಬಂದೂಕು ತರಲು ಹೇಳೋಣ ಅಂದ ಉಗ್ಗಪ್ಪ. ಅಂಗಡಿಯ ಹೆಸರು ಹೋಗುತ್ತದೆ ಎಂದು ಮುಆಝ್ ಹಿಂಜರಿದ. ಕೊನೆಗೆ ತಾನೇ ಕೂತು ಒಬ್ಬೊಬ್ಬರಿಗೂ ಮಾಡಿದ. ಕೆಲವರು ತಂದರು. ಅವರ ಸ್ಕೋಪುಗಳೆಲ್ಲ ನೆಟ್ಟಗೇ ಇದ್ದವು. ಅದರಿಂದ ಉಗ್ಗಪ್ಪನಿಗೆ ಸಮಾಧಾನವೂ ಆಗಲಿಲ್ಲ, ಏನೂ ಆಗಲಿಲ್ಲ. ಝುಹೈರ್‌ನ ಬಂದೂಕಿನದು ಒಂದು ಮಾತ್ರ ವಾಲಿದ್ದು ಹೇಗೆ ಅನ್ನುವುದು ಇನ್ನಷ್ಟು ಕೊರೆಯಿತು.

ಅದ್ದು ಅವನನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದ. ಕಣ್ಣಿನ ಹಿಂದಿನ ಪರದೆಯ ನಡುಭಾಗದಲ್ಲಿ ನೀರು ಸೇರಿಕೊಂಡಿದೆ, ತಡವಾಯಿತು, ಇಂಜೆಕ್ಷನ್ ಕೊಟ್ಟರೆ ಇದ್ದದ್ದು ಉಳಿಯಬಹುದು, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಎಡಗಣ್ಣಿಗೂ ಬರಬಹುದಾ ಎಂದು ಕೇಳಿದ. ಬರಬಹುದು ಅಂದರು.

ರೂಮಿಗೆ ಬಂದು ವಾರಿಜಾಕ್ಷಿಗೆ ಫೋನ್ ಮಾಡಿದ. ಅವಳು ಕಣ್ಣಿನ ವಿಷಯ ಕೇಳಿ ಅತ್ತಳು.

"ಬಂದುಬಿಡಿ ಮಾರ್ರೆ. ಮಣಿಪಾಲದಲ್ಲಿ ತೋರಿಸುವ. ಅಲ್ಲಿ ಇದ್ದು ಎಂತ ಮಾಡ್ತೀರಿ?"

"ಬರ್ತೇನೆ" ಅಂದ. ಮೇಕೆಯ ವಿಷಯವನ್ನೂ ಮುದುಕರ ವಿಷಯವನ್ನೂ ಅವಳಿಗೆ ಹೇಳಲು ನೋಡಿದ. ಎಲ್ಲಿಂದ ಶುರುಮಾಡುವುದೆಂದು ತಿಳಿಯಲಿಲ್ಲ. ಇನ್ನೊಮ್ಮೆ ಹೇಳ್ತೇನೆ ಎಂದು ಇಟ್ಟ.

ಹೊರಡುವ ಮೊದಲು ಅವನು ಅದ್ದುವಿನ ಜೊತೆ ಅಬ್ಕೈಕಿಗೆ ಹೋದ. ಝುಹೈರ್ ಪಾಳಿಯಲ್ಲಿದ್ದ, ಮನೆಯಲ್ಲಿರಲಿಲ್ಲ. ನೆರೆಮನೆಯವರೊಬ್ಬರು ಅವರನ್ನು ಸ್ಮಶಾನದ ಗೇಟಿನ ತನಕ ಕರೆದೊಯ್ದರು. ಒಳಗೆ ಎಲ್ಲ ಗುಡ್ಡೆಗಳೂ ಒಂದೇ ಥರ, ತಲೆಯ ಕಡೆ ಒಂದು ಹೆಸರಿಲ್ಲದ ಕಲ್ಲು. ಯಾವುದು ಅಬೂ ಝುಹೈರ್ ಅವರದೆಂದು ನೆರೆಯವರಿಗೂ ಖಚಿತವಿರಲಿಲ್ಲ. ಅದ್ದು ಕೈಯೆತ್ತಿ ಪ್ರಾರ್ಥಿಸಿದ. ಉಗ್ಗಪ್ಪ ಗೇಟಿನ ಹೊರಗೇ, ಚಪ್ಪಲಿ ಬಿಟ್ಟು ನಿಂತುಕೊಂಡ. ಮರಳು ಮಿಶ್ರಿತ ಗಾಳಿ ಬೀಸುತ್ತಿತ್ತು.

ಮುಆಝ್ ವಿಮಾನ ನಿಲ್ದಾಣದ ತನಕ ಬಂದ. ಬಂದೂಕನ್ನು ಮಾರಲಿಲ್ಲ, ಸ್ಕೋಪ್ ತೆಗೆದು ಒಳಗಿಟ್ಟಿದ್ದೇನೆ, ಝುಹೈರ್ ಕೇಳಿದರೆ ಕೊಡುತ್ತೇನೆ ಅಂದ. ತಬ್ಬಿಕೊಂಡು ಬೀಳ್ಕೊಟ್ಟ.

ಈಗ ಉಗ್ಗಪ್ಪ ಕಾರ್ಕಳದಲ್ಲಿ ಬಾಡಿಗೆ ಮನೆಯಲ್ಲಿ ಹೆಂಡತಿಯ ಜೊತೆ ಇದ್ದಾನೆ. ತಿಂಗಳಿಗೊಮ್ಮೆ ಇಬ್ಬರೂ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ ಬರುತ್ತಾರೆ. ಬಲಗಣ್ಣಿನ ನಡುವೆ ಒಂದು ಬೂದು ಕಲೆ ನಿಂತುಬಿಟ್ಟಿದೆ. ಯಾರ ಮುಖ ನೋಡಿದರೂ ಮೂಗಿನ ಜಾಗದಲ್ಲಿ ಅದು ಕೂತಿರುತ್ತದೆ. ಈದ್‌ಗೆ ಮುಆಝ್ ಫೋನ್ ಮಾಡುತ್ತಾನೆ. ಅದ್ದು ವಾರಕ್ಕೊಮ್ಮೆ ಮಾಡುತ್ತಾನೆ. ಉಗ್ಗಪ್ಪ ಝುಹೈರ್‌ಗೆ ಎರಡು ಸಲ ಧ್ವನಿ ಸಂದೇಶ ಕಳಿಸಿದ. ಕೇಳಿದ ಗುರುತು ಬಿತ್ತು, ಉತ್ತರ ಬರಲಿಲ್ಲ. ಮೂರನೆಯದನ್ನು ಅವನು ಕಳಿಸಲಿಲ್ಲ.